ಎಡಗೈಯವನ ಪಿಸ್ತೂಲಿನ ಲೆಕ್ಕ

ಪಾಲಿಮರ್ ಚೌಕಟ್ಟಿನ ಪಿಸ್ತೂಲಿಗೆ ಅಂಗಡಿಯವನು ಕಟ್ಟಿರುವ ಚೀಟಿಯನ್ನು ನೋಡಿ ಅದರ ಬೆಲೆ ಅಷ್ಟೇ ಎಂದು ತಿಳಿಯುವುದು, ತಾಳಿಯ ಚಿನ್ನವನ್ನು ತೂಗಿ ಮದುವೆಯ ವೆಚ್ಚವನ್ನು ಅಂದಾಜು ಮಾಡಿದಂತೆಯೇ ಸರಿ. ಈ ಮಾತು ಕೊಳ್ಳುವವರೆಲ್ಲರಿಗೂ ಸಲ್ಲುವುದಾದರೂ, ಉಣ್ಣುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸಗಳನ್ನೂ ಎಡಗೈಯಿಂದಲೇ ಮಾಡುವ ನನ್ನಂಥವನಿಗೆ ವಿಶೇಷವಾಗಿ ಸಲ್ಲುತ್ತದೆ. ಏಕೆಂದರೆ ಕತ್ತರಿಯಿಂದ ಮೊದಲ್ಗೊಂಡು ಕಾಲೇಜಿನ ಕುರ್ಚಿಯ ಹಲಗೆಯವರೆಗೆ ಸಮಸ್ತವೂ ಬಲಗೈಯವರಿಗಾಗಿಯೇ ನಿರ್ಮಿತವಾದ ಲೋಕದಲ್ಲಿ ಬೆಳೆದವನು, ಯಾರಾದರೂ ತನಗಾಗಿ ಒಂದು ಗುಂಡಿಯನ್ನು ಅತ್ತಣಿಂದಿತ್ತ ತಿರುಗಿಸಿಟ್ಟರೂ ಸಾಕು, ಕೃತಜ್ಞತೆಯಿಂದ ಕರಗಿ, ಕೇಳಿದಷ್ಟು ಹಣವನ್ನು ತೆರಲು ಸಿದ್ಧನಾಗಿಬಿಡುತ್ತಾನೆ.

ನಾನು ವಾಸವಾಗಿರುವುದು ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ. ಇಲ್ಲಿನ ಪೌರತ್ವವನ್ನು ಪಡೆದ ಮೇಲೆ, ಸ್ನೇಹಿತರೊಡನೆ ರೇಂಜಿಗೆ ಹೋಗಿ ಗುರಿಯಿಡುವ ಅಭ್ಯಾಸ ಹತ್ತಿತು. ಕೆಲಕಾಲ ಬಾಡಿಗೆಯ ಪಿಸ್ತೂಲಿನಿಂದ ತೃಪ್ತನಾಗಿದ್ದು, ಅನಂತರ ಸ್ವಂತದ್ದೊಂದನ್ನು ಕೊಳ್ಳುವ ಆಲೋಚನೆ ಬಂದಿತು. ಹೊಸದಾಗಿ ಬಂದಿರುವ ನಮ್ಮವರಿಗಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಮೇಲು: ಎಚ್-1ಬಿಯಂತಹ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನು ಕೊಳ್ಳುವುದಾಗಲಿ ಇಟ್ಟುಕೊಳ್ಳುವುದಾಗಲಿ, ಬೇಟೆಯ ಪರವಾನಗಿ ಮೊದಲಾದ ಕೆಲವು ಅಪವಾದಗಳನ್ನುಳಿದು, ಇಲ್ಲಿನ ಕೇಂದ್ರ ಕಾನೂನಿನಂತೆ ಅಪರಾಧ. ಗ್ರೀನ್ ಕಾರ್ಡು ಪಡೆದವರಿಗೆ ಈ ನಿರ್ಬಂಧವಿಲ್ಲ. ಅಂಗಡಿಯಲ್ಲಿ 4473 ಎಂಬ ನಮೂನೆಯನ್ನು ತುಂಬುವಾಗ ಈ ಪ್ರಶ್ನೆ ಎದುರಾಗುತ್ತದೆ; ಅಲ್ಲಿ ಸುಳ್ಳು ಬರೆದವನಿಗೆ ಬರುವ ವಕೀಲರ ವೆಚ್ಚದ ಮುಂದೆ ಈ ಅಂಕಣದ ಲೆಕ್ಕವೆಲ್ಲ ತೃಣಸಮಾನ.

ಎಡಗೈಯವರ ದೃಷ್ಟಿಯಿಂದ ನೋಡಿದರೆ, ಹಳೆಯ ಉಕ್ಕಿನ ಪಿಸ್ತೂಲುಗಳು ಸ್ವಲ್ಪ ನಿಷ್ಕರುಣಿಗಳೆಂದೇ ಹೇಳಬೇಕು. ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೇನೆ ಬಹುಕಾಲ ಹಿಡಿದಿದ್ದ 1911ರ ಮಾದರಿಯಲ್ಲಿ ಸುರಕ್ಷೆಯ ಸನ್ನೆ, ಸ್ಲೈಡನ್ನು ತಡೆಹಿಡಿಯುವ ಸನ್ನೆ, ಮ್ಯಾಗಜೀನನ್ನು ಕಳಚುವ ಗುಂಡಿ ಮೂರೂ ಎಡಪಾರ್ಶ್ವದಲ್ಲಿವೆ. ಬಲಗೈಯ ಹೆಬ್ಬೆರಳು ಸುಖವಾಗಿ ಆಳುವ ಆ ಪ್ರದೇಶಕ್ಕೆ ಎಡಗೈಯವನ ಹೆಬ್ಬೆರಳು ಪರದೇಶಿ. ಅದನ್ನೇ ಕನ್ನಡಿಯ ಬಿಂಬದಂತೆ ಸಂಪೂರ್ಣವಾಗಿ ಎಡಕ್ಕೆ ತಿರುಗಿಸಿ ತಯಾರಿಸುವ ಪೆನ್ಸಿಲ್ವೇನಿಯದ ಕ್ಯಾಬಟ್ ಸಂಸ್ಥೆಯುಂಟು. ಆದರೆ ಅದರ ಬೆಲೆ ಹಲವು ಸಾವಿರ ಡಾಲರುಗಳಾದುದರಿಂದ ಆ ಬಾಗಿಲಿಗೆ ದೂರದಿಂದಲೇ ನಮಸ್ಕಾರ ಮಾಡಿ ಮುಂದಕ್ಕೆ ಹೋಗುವುದು ಲೇಸು.

ಈ ಸ್ಥಿತಿಯನ್ನು ಬದಲಾಯಿಸಿದುದು ಯಾರೊಬ್ಬರ ಔದಾರ್ಯವೂ ಅಲ್ಲ, ಅಚ್ಚು. 1970ರಲ್ಲಿ ಜರ್ಮನಿಯ ಹೆಕ್ಲರ್ ಉಂಡ್ ಕೋಖ್ ಸಂಸ್ಥೆ ವಿಪಿ70 ಎಂಬ ಪಾಲಿಮರ್ ಚೌಕಟ್ಟಿನ ಪಿಸ್ತೂಲನ್ನು ಹೊರತಂದಿತಾದರೂ, ಆ ಪದ್ಧತಿ ಬೇರೂರಿದ್ದು 1980ರ ದಶಕದಲ್ಲಿ, ಅದಕ್ಕೆ ಮುಂಚೆ ಪರದೆಯ ಸರಳು, ಸೈನಿಕರ ಚೂರಿ ಮೊದಲಾದವನ್ನು ತಯಾರಿಸುತ್ತಿದ್ದ ಆಸ್ಟ್ರಿಯದ ಗಾಸ್ಟನ್ ಗ್ಲಾಕ್‌ರ ಪಿಸ್ತೂಲನ್ನು ಅಲ್ಲಿನ ಸೇನೆ ಅಂಗೀಕರಿಸಿದ ಮೇಲೆ. ಉಕ್ಕಿನ ಗಟ್ಟಿಯನ್ನು ಕೊರೆಕೊರೆದು ಚೌಕಟ್ಟನ್ನು ಬಿಡಿಸುವಲ್ಲಿ ಪ್ರತಿಯೊಂದು ರಂಧ್ರಕ್ಕೂ ಯಂತ್ರದ ಹೊತ್ತು ಬೇಕು, ಹೊತ್ತಿಗೆ ಕೂಲಿ ಬೇಕು. ಆದರೆ ಕರಗಿಸಿದ ಪಾಲಿಮರನ್ನು ಅಚ್ಚಿಗೆ ನೂಕುವಲ್ಲಿ, ಅಚ್ಚನ್ನು ಒಮ್ಮೆ ಎರಡು ಪಾರ್ಶ್ವಗಳಿಗೂ ಅನುಕೂಲವಾಗುವಂತೆ ಕೆತ್ತಿದರೆ, ಅನಂತರ ಹುಟ್ಟುವ ಲಕ್ಷೋಪಲಕ್ಷ ಚೌಕಟ್ಟುಗಳಿಗೆ ಎಡಗೈಯ ಸೌಕರ್ಯ ಹೆಚ್ಚುಕಡಮೆ ಪುಕ್ಕಟೆಯಾಗಿಯೇ ಬರುತ್ತದೆ. ಅದೂ ಅಲ್ಲದೆ, ಗ್ಲಾಕ್ ತನ್ನ ಸುರಕ್ಷೆಯ ವ್ಯವಸ್ಥೆಯನ್ನು ಟ್ರಿಗರಿನಲ್ಲಿಯೂ ಒಳಗಿನ ಯಂತ್ರಭಾಗಗಳಲ್ಲಿಯೂ ಅಡಗಿಸಿ, ಹೆಬ್ಬೆರಳಿನ ಸನ್ನೆಯನ್ನೇ ತೆಗೆದುಹಾಕಿದ್ದರಿಂದ ನಮ್ಮ ಕಷ್ಟಗಳಲ್ಲಿ ಅತಿ ದೊಡ್ಡದು ತಾನಾಗಿಯೇ ಇಲ್ಲವಾಯಿತು.

ಅಂಗಡಿಯಲ್ಲಿ ನನ್ನ ಮುಂದೆ ಮೂರು ಪಿಸ್ತೂಲುಗಳಿದ್ದವು: 2014ರಲ್ಲಿ ಬಂದ, ಮ್ಯಾಗಜೀನಿನ ಸನ್ನೆಯೂ ಸ್ಲೈಡಿನ ಸನ್ನೆಯೂ ಎರಡು ಕಡೆಗೂ ಇರುವ, ನಿಜವಾಗಿ ಸವ್ಯಸಾಚಿಯೆನ್ನಬಹುದಾದ ಹೆಕ್ಲರ್ ಉಂಡ್ ಕೋಖ್ ವಿಪಿ9, ಸ್ಲೈಡಿನ ಸನ್ನೆ ಎರಡು ಕಡೆ ಇದ್ದು ಮ್ಯಾಗಜೀನಿನ ಗುಂಡಿಯನ್ನು ಮಾತ್ರ ಬೇಕಾದ ಪಾರ್ಶ್ವಕ್ಕೆ ಬದಲಾಯಿಸಿಕೊಳ್ಳುವಂತಿದ್ದ ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ, ಮತ್ತು ಯಾವುದೋ ಪೊಲೀಸ್ ಇಲಾಖೆ ಹೊಸದನ್ನು ಕೊಂಡು ಹಳೆಯದನ್ನು ಮರಳಿಸಿದಾಗ ಅಂಗಡಿಗೆ ಬಂದಿದ್ದ ನಾಲ್ಕನೆಯ ಪೀಳಿಗೆಯ ಗ್ಲಾಕ್ 17. ಮೊದಲನೆಯದು ಮೂರನೆಯದಕ್ಕಿಂತ ಸುಮಾರು ಮುನ್ನೂರೈವತ್ತು ಡಾಲರು ಹೆಚ್ಚು. ಮಾರಾಟಗಾರನು ವಿಪಿ9ರ ಗುಣಗಾನವನ್ನು ಮುಗಿಸುವವರೆಗೂ ಸಾವಧಾನವಾಗಿ ಕೇಳಿ, ಆ ಮುನ್ನೂರೈವತ್ತು ಡಾಲರಿಗೆ ನನಗೆ ದೊರೆಯುವುದೇನೆಂದು ವಿಚಾರಮಾಡಿದೆ. ಎಡಗೈಯವನ ತೋರುಬೆರಳು ಇರುವುದು ಪಿಸ್ತೂಲಿನ ಎಡಪಾರ್ಶ್ವದಲ್ಲಿಯೇ. ಬಲಗೈಯವರಿಗೆಂದು ಇಟ್ಟ ಮ್ಯಾಗಜೀನಿನ ಗುಂಡಿಯನ್ನು ಆ ಬೆರಳೇ ಒತ್ತಬಲ್ಲದು, ಒತ್ತುವಾಗ ಅದು ಟ್ರಿಗರನ್ನು ಬಿಟ್ಟು ಹೊರಗಿರಲೇಬೇಕಾಗುವುದು ಒಂದು ಲಾಭವೇ. ಸ್ಲೈಡಿನ ಸನ್ನೆ ಸಿಕ್ಕದಿದ್ದರೆ ಬಲಗೈಯಿಂದ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರಾಯಿತು. ಉಪಾಯವು ಬೆರಳಿನಲ್ಲಿಯೇ ಇರುವಾಗ ಅದನ್ನು ಜರ್ಮನಿಯಿಂದ ಏಕೆ ತರಿಸಬೇಕು? ಕೈಗೆ ಒಪ್ಪುವ ಹಿಡಿಯ ಗಾತ್ರ, ಎಡಗೈಯವನಾದರೂ ಬಲಗಣ್ಣಿನಿಂದಲೇ ಗುರಿ ನೋಡುವವನೇ ಎಂಬ ಪರೀಕ್ಷೆ, ಇವು ಗುಂಡಿಯ ಪಾರ್ಶ್ವಕ್ಕಿಂತ ಮುಖ್ಯವಾದುವು. ಅವನ್ನು ಬಾಡಿಗೆಯ ಪಿಸ್ತೂಲಿನಲ್ಲಿ ಆಗಲೇ ಮುಗಿಸಿಕೊಂಡಿದ್ದೆ. ಗ್ಲಾಕನ್ನೇ ಕೊಂಡೆ.

ಅಗ್ಗದ ಮಾಲಿನೊಳಗೂ ಎಡಗೈಯವನಿಗಾಗಿ ಒಂದು ಹಳ್ಳ ಕಾದಿರುತ್ತದೆ. 2010ರಲ್ಲಿ ಬಂದ ನಾಲ್ಕನೆಯ ಪೀಳಿಗೆಯಿಂದ ಗ್ಲಾಕಿನ ಮ್ಯಾಗಜೀನಿನ ಗುಂಡಿಯನ್ನು ಬಲಪಾರ್ಶ್ವಕ್ಕೆ ತಿರುಗಿಸಿಡಬಹುದು, ನಿಜ. ಆದರೆ ಅದಕ್ಕೆ ಮುಂಚಿನ ಮ್ಯಾಗಜೀನುಗಳಲ್ಲಿ ಕೊಂಡಿ ಸಿಕ್ಕಿಕೊಳ್ಳುವ ಕಚ್ಚು ಒಂದೇ ಪಾರ್ಶ್ವದಲ್ಲಿರುವುದರಿಂದ, ಗುಂಡಿಯನ್ನು ತಿರುಗಿಸಿಟ್ಟವನಿಗೆ ಅವು ನಿಲ್ಲುವುದಿಲ್ಲ. ಅಂಗಡಿಯ ಮೂಲೆಯ ಡಬ್ಬದಲ್ಲಿ ಬಿದ್ದಿರುವ ಅಗ್ಗದ ಹಳೆಯ ಮ್ಯಾಗಜೀನುಗಳು ಬೇಕೆನ್ನುವವನು ಗುಂಡಿಯನ್ನು ಅದರ ಪಾಡಿಗೆ ಬಿಡತಕ್ಕದ್ದು, ನಾನು ಬಿಟ್ಟಿದ್ದೇನೆ. ಹೋಲ್‌ಸ್ಟರಿನ ವಿಷಯದಲ್ಲಿ ಮಾತ್ರ ಯಾವ ಉಪಾಯವೂ ಸಾಗದು. ಬಲಗೈಯವರು ಬಳಸಿ ಬಿಟ್ಟವು ಅದೇ ಡಬ್ಬದಲ್ಲಿ ಹತ್ತು ಡಾಲರಿಗೆ ರಾಶಿಯಾಗಿ ದೊರೆತರೆ, ಎಡಗೈಯದನ್ನು ಪೂರ್ಣ ಬೆಲೆ ತೆತ್ತು ಹೇಳಿ ಮಾಡಿಸಿ, ವಾರಗಟ್ಟಲೆ ಕಾಯಬೇಕು. ಎಡಗೈಯವರು ತಪ್ಪಿಸಿಕೊಳ್ಳಲಾಗದ ಸುಂಕವೆಂದರೆ ನನ್ನ ಮಟ್ಟಿಗೆ ಇದೊಂದೇ.

ಉಳಿದ ಮುನ್ನೂರೈವತ್ತು ಡಾಲರು ಹೋದದ್ದು ತೋಟೆಗಳಿಗೆ. ತಿಂಗಳಿಗೆ ಇನ್ನೂರು ತೋಟೆಗಳನ್ನು ಸುಡುವವನು, ಒಂದಕ್ಕೆ 25 ಸೆಂಟಿನಂತೆ ಹಿಡಿದರೂ, ವರ್ಷಕ್ಕೆ 600 ಡಾಲರನ್ನು ಹೊಗೆಯಾಗಿಸುತ್ತಾನೆ. ಎಂದರೆ ವರ್ಷ ತುಂಬುವಷ್ಟರಲ್ಲಿ ಒಂದು ಹೊಸ ಪಿಸ್ತೂಲಿನ ಹಣ ಹೋಗಿರುತ್ತದೆ. ಇದು ಶಾಂತಿಕಾಲದ ಧಾರಣೆ. 2020–21ರ ಅಭಾವದಲ್ಲಿ 9 ಮಿ.ಮೀ. ತೋಟೆಯ ಬೆಲೆ ಹಿಂದಿನದಕ್ಕಿಂತ ಮೂರು ಪಟ್ಟಿಗೂ ಮಿಕ್ಕಿ ಏರಿದ್ದುಂಟು. ಬೆಲೆಯೊಳಗೆ ಕಣ್ಣಿಗೆ ಕಾಣದ ಸುಂಕವೊಂದು ಬೇರೆ ಸೇರಿಕೊಂಡಿದೆ: 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿನ ಪರಂಪರೆಯಂತೆ, ತಯಾರಕರಿಂದ ತೋಟೆಗೆ ನೂರಕ್ಕೆ 11, ಪಿಸ್ತೂಲಿಗೆ ನೂರಕ್ಕೆ 10 ಅಬಕಾರಿ ವಸೂಲಾಗಿ ವನ್ಯಮೃಗಗಳ ಸಂರಕ್ಷಣೆಗೆ ಸಲ್ಲುತ್ತದೆ. ಕಾಗದದ ಗುರಿಯನ್ನಲ್ಲದೆ ಮತ್ತೇನನ್ನೂ ಹೊಡೆಯದ ಸಸ್ಯಾಹಾರಿಯಾದ ನಾನು ಟೆಕ್ಸಾಸಿನ ಜಿಂಕೆಗಳ ಪೋಷಕರಲ್ಲೊಬ್ಬನೆಂಬುದನ್ನು ನನ್ನ ಮನೆಯಾಕೆ ಇಂದಿಗೂ ನಂಬಿಲ್ಲ. ಇದರ ಮೇಲೆ ನಮ್ಮ ಊರಿನ ಮಾರಾಟ ತೆರಿಗೆ ನೂರಕ್ಕೆ 8.25.

ಬೀಗವಿರುವ ಉಕ್ಕಿನ ಪೆಟ್ಟಿಗೆಯ ಖರ್ಚನ್ನು ಯಾರೂ ಉಳಿಸಬಾರದು. ಮನೆಯ ವಿಮೆಯ ಕರಾರನ್ನೂ ಒಮ್ಮೆ ತೆಗೆದು ಓದಿ: ಸಾಮಾನ್ಯ ಪಾಲಿಸಿಗಳಲ್ಲಿ ಕಳುವಾದ ಬಂದೂಕುಗಳಿಗೆ ಒಟ್ಟು 2,500 ಡಾಲರಿನಷ್ಟು ಮಿತಿ ಇರುತ್ತದೆ; ಒಂದು ಪಿಸ್ತೂಲಿನವನಿಗೆ ಅದು ಧಾರಾಳ, ಸಂಗ್ರಹದ ಚಟ ಹಿಡಿದವನಿಗೆ ಸಾಲದು.

ನಿವೃತ್ತನಾದ ಮೇಲೆ ಮೈಸೂರಿಗೆ ಮರಳಬೇಕೆಂಬ ಸಂಕಲ್ಪ ನನ್ನದು. ಭಾರತದ ಕಾನೂನಿನಲ್ಲಿ 9 ಮಿ.ಮೀ. ಪಿಸ್ತೂಲು ನಿಷಿದ್ಧ ವರ್ಗಕ್ಕೆ ಸೇರಿದ್ದಾದುದರಿಂದ ಇದು ನನ್ನೊಡನೆ ಬರುವಂತಿಲ್ಲ. ಕೊಳ್ಳುವಾಗಲೇ ಮಾರುವ ಬೆಲೆಯನ್ನೂ ಎಣಿಸಿದ್ದೆ. ಲೋಕದಲ್ಲಿ ಎಡಗೈಯವರು ಹತ್ತಕ್ಕೊಬ್ಬರು. ಎಡಗೈಗೆ ಮಾತ್ರ ಒಗ್ಗುವ ಸರಕಿಗೆ ಗಿರಾಕಿಗಳೂ ಅಷ್ಟೇ. ಗುಂಡಿಯನ್ನು ಮುಟ್ಟದ ನನ್ನ ಪಿಸ್ತೂಲನ್ನು ಯಾರು ಬೇಕಾದರೂ ಕೊಳ್ಳಬಹುದು. ಪೊಲೀಸರು ಬಳಸಿ ಬಿಟ್ಟದ್ದಾದುದರಿಂದ ಅದರ ಬೆಲೆ ಇಳಿಯಬೇಕಾದಷ್ಟು ಆಗಲೇ ಇಳಿದಿದೆ. ಕೈಯಲ್ಲಿ ಉಳಿಯುವುದು ಹೋಲ್‌ಸ್ಟರ್ ಒಂದು. ಅದರ ಮೇಲೆ, ಇದೇ ಮಾದರಿಯ ಪಿಸ್ತೂಲಿಟ್ಟುಕೊಂಡು ನಮ್ಮ ರೇಂಜಿಗೆ ಬರುವ ಎಡಗೈಯ ನರ್ಸಮ್ಮನೊಬ್ಬಳು ಈಗಾಗಲೇ ಕಣ್ಣಿಟ್ಟಿದ್ದಾಳೆ. ಇಪ್ಪತ್ತು ಡಾಲರಿಗೆ ಕೇಳಿದಳು, ಇಪ್ಪತ್ತೈದಕ್ಕೆ ಕಡಮೆ ಇಲ್ಲವೆಂದಿದ್ದೇನೆ.