ಮರದ ಆಟದಂಗಳ

ಮಕ್ಕಳು ಆಟಕ್ಕೆಂದು ಮೊದಲು ಏರಿದುದು ಮರವನ್ನು. ಕಬ್ಬಿಣದ ಏಣಿ ಬಂದುದು ಬಹಳ ತಡವಾಗಿ. ಮರಕೋತಿಯಾಟದಲ್ಲಿ ಕೊಂಬೆಯಿಂದ ಕೊಂಬೆಗೆ ದಾಟುವ ಬಾಲಕನೂ ನಾಗರ ಪಂಚಮಿಯಂದು ಬೇವಿನ ಕೊಂಬೆಗೆ ಕಟ್ಟಿದ ಜೋಕಾಲಿಯನ್ನು ಜೀಕುವ ಬಾಲಕಿಯೂ ತಮ್ಮ ತೂಕವೆಷ್ಟು, ಕೈಯ ಹಿಡಿತವೆಷ್ಟು, ಕೊಂಬೆಯ ಬಲವೆಷ್ಟು ಎಂಬ ಲೆಕ್ಕವನ್ನು ಯಾರೂ ಕಲಿಸದೆಯೇ ಕಲಿಯುತ್ತಾರೆ. ಊರುಗಳು ಬೆಳೆದಂತೆ ಆಟಕ್ಕೆ ಒದಗುವ ಮರಗಳು ಕಡಮೆಯಾಗುತ್ತಿವೆ. ಆದುದರಿಂದ ಸಾರ್ವಜನಿಕ ಬಯಲಿನಲ್ಲಿ ಸಹಜವಾದ ಮರದ ದಿಮ್ಮಿ, ಕಂಬ, ತೊಲೆಗಳಿಂದಲೇ ಆಟದ ತಾಣವನ್ನು ರಚಿಸುವ ಬಗೆಯನ್ನು ಈ ಪಾಠದಲ್ಲಿ ವಿಚಾರಮಾಡೋಣ.

ಸ್ಥಳದ ಅಭಾವವೇ ಇದಕ್ಕೆ ಅಡ್ಡಿಯೆಂದು ಹೇಳಲಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರತಿಯೊಂದು ಶಾಲೆಗೂ ಆಟದ ಬಯಲು ಇರಬೇಕೆಂದು ವಿಧಿಸಿದೆ. ತೆಲಂಗಾಣ ಸರಕಾರವು ಗ್ರಾಮಗಳಲ್ಲಿ ‘ಪಲ್ಲೆ ಪ್ರಕೃತಿ ವನ’ಗಳನ್ನು ಬೆಳೆಸಿತು, 2022ರಲ್ಲಿ ಗ್ರಾಮೀಣ ಕ್ರೀಡಾ ಪ್ರಾಂಗಣಗಳ ಯೋಜನೆಯನ್ನು ಆರಂಭಿಸಿತು. ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ನಮ್ಮ ಮುಂದಿರುವ ಪ್ರಶ್ನೆಯೆಂದರೆ, ಇರುವ ಬಯಲಿನಲ್ಲಿ ಏನನ್ನು ನಿಲ್ಲಿಸಬೇಕು, ಅದನ್ನು ಯಾರು ಕಾಯಬೇಕು ಎಂಬುದು.

ಮರವೇ ಏಕೆ?

ನಮ್ಮ ಸೀಮೆಯ ಬೇಸಗೆ 40 ಡಿಗ್ರಿಯನ್ನು ದಾಟುವುದುಂಟು. ಮಧ್ಯಾಹ್ನದ ಬಿಸಿಲಿನಲ್ಲಿ ಕಬ್ಬಿಣದ ಜಾರುಬಂಡೆಯನ್ನು ಮುಟ್ಟಿದ ಮಗು ಥಟ್ಟನೆ ಕೈ ಹಿಂದೆಗೆಯುತ್ತದೆ. ಅದೇ ಬಿಸಿಲಿನಲ್ಲಿರುವ ಮರದ ತೊಲೆಯ ಮೇಲೆ ಕುಳಿತುಕೊಳ್ಳಬಲ್ಲದು. ಉಕ್ಕು ಮರಕ್ಕಿಂತ ಬಹಳ ಹೆಚ್ಚು ಶೀಘ್ರವಾಗಿ ಶಾಖವನ್ನು ಚರ್ಮಕ್ಕೆ ಸಾಗಿಸುವುದೇ ಇದಕ್ಕೆ ಕಾರಣ.

ಮರದ ಮೇಲಿನ ವ್ಯಾಯಾಮವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮಲ್ಲಸ್ತಂಭದ ಪ್ರಸ್ತಾಪ ಮಾಡುತ್ತದೆ. ಇಂದಿನ ಮಲ್ಲಕಂಬವು ನೆಲದಿಂದ ಸುಮಾರು 2.6 ಮೀಟರು ಎತ್ತರವಿರುವ ನುಣುಪಾದ ಮರದ ಕಂಬ. ಅದಕ್ಕೆ ಔಡಲೆಣ್ಣೆಯನ್ನು ಸವರುತ್ತಾರೆ.

ಹೊರದೇಶದ ಒಂದು ನಿದರ್ಶನವನ್ನೂ ನೋಡಬಹುದು. ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸಿ. ಟಿ. ಸೋರೆನ್ಸನ್ ಅವರು, ಮಕ್ಕಳು ಅಣಿಗೊಳಿಸಿದ ಉದ್ಯಾನಗಳಿಗಿಂತ ಕಟ್ಟಡ ನಡೆಯುವೆಡೆಯ ಮರದ ತುಂಡುಗಳಲ್ಲಿ ಹೆಚ್ಚು ತನ್ಮಯರಾಗಿ ಆಡುವುದನ್ನು ಗಮನಿಸಿದ್ದರು. ಅವರ ವಿಚಾರದಂತೆ 1943ರಲ್ಲಿ ಕೋಪನ್‌ಹೇಗನ್ನಿನ ಎಂಡ್ರುಪಿನಲ್ಲಿ ಅಂತಹ ಆಟದ ಬಯಲು ತೆರೆಯಿತು. ಮಕ್ಕಳು ತಾವೇ ಜರುಗಿಸಿ ಜೋಡಿಸಬಲ್ಲ ಸಣ್ಣ ತುಂಡುಗಳು ಆಟದಂಗಳದಲ್ಲಿ ಇರಬೇಕೆಂಬುದು ಅಲ್ಲಿಂದ ನಾವು ಕಲಿಯತಕ್ಕ ಪಾಠ.

ಮರದ ಆಯ್ಕೆ

ಒಂದು ದಿಮ್ಮಿಯನ್ನು ಅಡ್ಡವಾಗಿ ಕೊಯ್ದು ನೋಡಿದರೆ ನಡುವೆ ಗಾಢಬಣ್ಣದ ಗಟ್ಟಿಭಾಗವೂ ಸುತ್ತಲೂ ಬಿಳಿಯ ಭಾಗವೂ ಕಾಣುತ್ತವೆ. ನಡುವಿನದೇ ಚೇಗು. ಹೊರಗಿನ ಬಿಳಿಭಾಗದಲ್ಲಿ ಹುಳುಗಳಿಗೂ ಬೂಷ್ಟಿಗೂ ಬೇಕಾದ ಆಹಾರವಿರುವುದರಿಂದ ಅದು ಬೇಗನೆ ಕೆಡುತ್ತದೆ. ತೇಗದ ಚೇಗು ಬಹುಕಾಲ ಬಾಳುತ್ತದೆ. ನಮ್ಮ ರೈತರು ಒಕ್ಕಲುತನದ ಸಾಧನಗಳಿಗೆ ಬಳಸುತ್ತ ಬಂದ ಕರಿಜಾಲಿಯೂ ಗಟ್ಟಿಯಾದುದೇ.

ಆದರೆ ಮಕ್ಕಳ ಆಟಕ್ಕಾಗಿ ಹಸಿಮರವನ್ನು ಕಡಿಯುವುದು ವಿವೇಕವೆನಿಸದು. ಗಾಳಿಗೆ ಉರುಳಿದ ಮರ, ರಸ್ತೆಯ ವಿಸ್ತರಣದಲ್ಲಿ ಅನುಮತಿ ಪಡೆದು ತೆಗೆದ ಮರ, ಹಳೆಯ ಮನೆಗಳಿಂದ ಬಿಚ್ಚಿದ ತೊಲೆ, ಇವುಗಳನ್ನು ಊರಿನ ಬಡಗಿಯಿಂದ ಪರೀಕ್ಷಿಸಿ ತೆಗೆದುಕೊಳ್ಳಬೇಕು. ಯಾವ ತೊಲೆ ಭಾರ ಹೊರಬಲ್ಲುದು, ಯಾವುದು ಒಳಗೆ ಟೊಳ್ಳಾಗಿದೆ ಎಂಬುದನ್ನು ತಟ್ಟಿದ ಸದ್ದಿನಿಂದಲೇ ಅರಿಯುವ ಅನುಭವ ಬಡಗಿಗೆ ಉಂಟು. ಮಕ್ಕಳಿಗೆ ಇಂತಹ ಜ್ಞಾನವನ್ನು ಹತ್ತಿರದಿಂದ ಕಾಣುವ ಅವಕಾಶವೂ ಇದರಿಂದ ದೊರೆಯುತ್ತದೆ.

ಮರದ ಶತ್ರುಗಳು

ಮರಕ್ಕೆ ಇಬ್ಬರು ಶತ್ರುಗಳು: ತೇವ ಮತ್ತು ಗೆದ್ದಲು. ಗೆದ್ದಲಿನ ಶಕ್ತಿಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಹಬೂಬನಗರದ ಬಳಿಯ ಪ್ರಸಿದ್ಧ ಆಲದ ಮರವಾದ ಪಿಲ್ಲಲಮರ್ರಿಯ ಒಂದು ದೊಡ್ಡ ಕೊಂಬೆ 2017ರ ಡಿಸೆಂಬರಿನಲ್ಲಿ ಮುರಿದುಬಿದ್ದಿತು. ಗೆದ್ದಲು ಮರವನ್ನು ಒಳಗಿನಿಂದ ತಿಂದಿತ್ತು. 2018ರಲ್ಲಿ ರೋಗಿಗೆ ಸಲೈನ್ ಕೊಡುವ ರೀತಿಯಲ್ಲಿ ಕೀಟನಾಶಕವನ್ನು ಹನಿಹನಿಯಾಗಿ ಇಳಿಸಿ ಅದಕ್ಕೆ ಚಿಕಿತ್ಸೆ ಮಾಡಲಾಯಿತು. ಶತಮಾನಗಳ ವೃಕ್ಷಕ್ಕೇ ಈ ಗತಿಯಾದರೆ, ಮಣ್ಣಿನಲ್ಲಿ ಹೂಳಿದ ಸಾಮಾನ್ಯ ಕಂಬದ ಪಾಡೇನು?

ಇನ್ನು ತೇವದ ವಿಷಯ. ಮರದಲ್ಲಿಯ ತೇವ ಶೇಕಡಾ 20ಕ್ಕಿಂತ ಕಡಮೆಯಿದ್ದರೆ ಅದನ್ನು ಕೊಳೆಯಿಸುವ ಬೂಷ್ಟು ಬೆಳೆಯಲಾರದು. ಆದುದರಿಂದ ಮರದ ಕಾಲನ್ನು ಒಣಗಿಸಿಡುವುದೇ ಮೊದಲನೆಯ ರಕ್ಷಣೆ. ಹಳೆಯ ಮನೆಗಳ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿರುವುದರ ರಹಸ್ಯವಿದೇ. ಆಟದಂಗಳದಲ್ಲಿಯೂ ಕಾಂಕ್ರೀಟಿನಲ್ಲಿ ನಿಲ್ಲಿಸಿದ ಉಕ್ಕಿನ ಪಾದುಕೆಗೆ ಕಂಬವನ್ನು ಬೋಲ್ಟಿನಿಂದ ಬಿಗಿದು, ಅದರ ಬುಡ ನೆಲದಿಂದ ಮೇಲಿರುವಂತೆ ನೋಡಿಕೊಳ್ಳಬೇಕು. ಕರಿಮಣ್ಣು ಮಳೆಗೆ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ, ಅಂತಹ ನೆಲದಲ್ಲಿ ಮೇಲುಮಣ್ಣನ್ನು ತೆಗೆದು ಗರಸು ತುಂಬಿ ಗಟ್ಟಿಗೊಳಿಸದಿದ್ದರೆ ಕಂಬಗಳು ಅಲುಗಾಡತೊಡಗುತ್ತವೆ.

ಔಷಧದ ಮಾತು

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇವುಗಳ ಲವಣಗಳಿಂದ ಮರವನ್ನು ಕಾಯುವ ಔಷಧವನ್ನು ಕಂಡುಹಿಡಿದರು. ಜಗತ್ತಿನಾದ್ಯಂತ ಅದು ಕಂಬಗಳ ಆಯುಸ್ಸನ್ನು ಹೆಚ್ಚಿಸಿತು. ಆದರೆ ಆರ್ಸೆನಿಕ್ ವಿಷವಸ್ತು; ಮರದಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುವ ಭಯವಿರುವುದರಿಂದ, ಅಮೆರಿಕದಲ್ಲಿ 2003ರ ಕೊನೆಯ ಹೊತ್ತಿಗೆ ಆಟದ ಸಲಕರಣೆಗಳ ಮರಕ್ಕೆ ಅದರ ಬಳಕೆಯನ್ನು ನಿಲ್ಲಿಸಲಾಯಿತು. ವಿದ್ಯುತ್ ಕಂಬಕ್ಕೆ ಒಳ್ಳೆಯದಾದುದು ಮಗುವಿನ ಜೋಕಾಲಿಗೆ ಒಳ್ಳೆಯದಾಗಲೇಬೇಕೆಂದಿಲ್ಲ. ಹಳೆಯ ಕಂಬಗಳನ್ನು ತರುವಾಗ ಪಾಲಕರು ಈ ಮಾತನ್ನು ನೆನಪಿಡಬೇಕು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಮಿಶ್ರಣವು ಮಕ್ಕಳಿಗೆ ಅದಕ್ಕಿಂತ ಅಪಾಯ ಕಡಮೆಯಾದುದು. ಆದರೆ ಮಳೆಗೆ ತೊಳೆದುಹೋಗುವುದರಿಂದ ಮಾಡಿನ ಕೆಳಗಿನ ಮರಕ್ಕೆ ಮಾತ್ರ ಅದು ತಕ್ಕದ್ದು. ಬಯಲಿನಲ್ಲಿರುವ ಮರಕ್ಕೆ ಗಟ್ಟಿಯಾದ ಚೇಗು ಮತ್ತು ಒಣಗಿದ ಬುಡವೇ ಆಧಾರ.

ಕಾಣುವ ಕಷ್ಟ, ಕಾಣದ ಅಪಾಯ

ಆಟದಂಗಳದ ರಚನೆಯ ಮುಖ್ಯಸೂತ್ರವನ್ನು ಹೀಗೆ ಹೇಳಬಹುದು: ಕಾಣುವ ಕಷ್ಟವಿರಲಿ, ಕಾಣದ ಅಪಾಯ ಬೇಡ. ಎತ್ತರದ ತೊಲೆ, ಅಂಕುಡೊಂಕಾದ ದಿಮ್ಮಿ ಇವು ಮಗುವಿಗೆ ಕಾಣುವ ಕಷ್ಟಗಳು. ಅದು ಅಳೆದು, ಅಂಜಿ, ಮತ್ತೆ ಯತ್ನಿಸಿ ಗೆಲ್ಲುತ್ತದೆ. ಒಳಗೆ ಕೊಳೆತ ಕಂಬ, ಚಾಚಿದ ಮೊಳೆ, ತಲೆ ಸಿಕ್ಕಿಬೀಳುವ ಸಂದು ಇವು ಮಗುವಿನ ಲೆಕ್ಕಕ್ಕೆ ಸಿಗದವು. ಇವುಗಳನ್ನು ನಿವಾರಿಸುವುದು ಹಿರಿಯರ ಹೊಣೆ.

ಯುರೋಪಿನ ಆಟದ ಸಲಕರಣೆಗಳ ಮಾನಕವು, ನೆಲದಿಂದ 60 ಸೆಂಟಿಮೀಟರಿಗಿಂತ ಮೇಲಿರುವ ಮುಚ್ಚಿದ ಸಂದು 89 ಮಿಲಿಮೀಟರಿಗಿಂತ ಕಿರಿದಾಗಿರಬೇಕು, ಇಲ್ಲವೆ 230 ಮಿಲಿಮೀಟರಿಗಿಂತ ಅಗಲವಾಗಿರಬೇಕು ಎನ್ನುತ್ತದೆ. ನಡುವಣ ಅಳತೆಯಲ್ಲಿ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಬೀಳಬಹುದಾದ ಎತ್ತರ 3 ಮೀಟರನ್ನು ಮೀರಬಾರದೆಂದೂ ಅದರಲ್ಲಿದೆ. ಶಾಲೆಯ ಅಂಗಳಕ್ಕೆ ಒಂದೂವರೆ ಮೀಟರು ಸಾಕು. ಸುತ್ತಲೂ ಒಂದೂವರೆ ಮೀಟರು ತೆರವಿಟ್ಟು, 30 ಸೆಂಟಿಮೀಟರು ಆಳಕ್ಕೆ ಸಡಿಲವಾದ ಮರಳನ್ನು ಹರಡಬೇಕು. ಅಂಚುಗಳನ್ನು ಕೀಸುಳಿಯಿಂದ ನಯಗೊಳಿಸಿದರೆ ಸಿಬುರು ಚುಚ್ಚುವುದಿಲ್ಲ. ಗಾಲಿಕುರ್ಚಿಯ ಮಗುವೂ ಆಟವನ್ನು ತಲುಪುವಂತೆ ಒಂದು ಗಟ್ಟಿಯಾದ ದಾರಿಯಿರಬೇಕು. ಹತ್ತಿರ ಬೇವಿನ ಸಸಿಗಳನ್ನು ನೆಟ್ಟರೆ ಮುಂದಿನ ವರ್ಷಗಳಲ್ಲಿ ನೆರಳಾಗುತ್ತದೆ.

ಕಾಯುವ ಬಗೆ

ಮರವು ವರ್ಷವರ್ಷವೂ ಆರೈಕೆಯನ್ನು ಬೇಡುತ್ತದೆ. ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆ ಸವರುವುದು, ತಿಂಗಳಿಗೊಮ್ಮೆ ಬೋಲ್ಟು ಬಿಗಿಯುವುದು, ಮಣ್ಣಿನ ಸುರಂಗಗಳು ಕಂಡಲ್ಲಿ ಗೆದ್ದಲನ್ನು ಹುಡುಕುವುದು, ಮರಳನ್ನು ಕೆದಕಿ ಗಾಜಿನ ಚೂರುಗಳನ್ನು ಆಯುವುದು, ಇಷ್ಟನ್ನೂ ಒಂದು ದಫ್ತರಿನಲ್ಲಿ ಬರೆದಿಡಬೇಕು. ಹಿರಿಯ ತರಗತಿಯ ವಿದ್ಯಾರ್ಥಿಗಳು ಶಿಕ್ಷಕರೊಡನೆ ಈ ಪರೀಕ್ಷೆಯಲ್ಲಿ ಭಾಗವಹಿಸಿದರೆ ವಿಜ್ಞಾನದ ಪಾಠವೂ ಪೌರಧರ್ಮದ ಪಾಠವೂ ಒಟ್ಟಿಗೆ ಆಗುತ್ತವೆ. ಕಾಯುವವರಿಲ್ಲದ ಊರಿನಲ್ಲಿ ಮರದ ಆಟದಂಗಳವನ್ನು ಕಟ್ಟದಿರುವುದೇ ಲೇಸು.

ಇನ್ನೊಂದು ಮಾತನ್ನು ಪಾಲಕರಲ್ಲಿ ವಿನಂತಿಸುತ್ತೇವೆ. 1956ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲಿತ್ತು. ಗಡಿ ಸರಿದ ಮೇಲೂ ಕನ್ನಡವು ಇಲ್ಲಿ ತೆಲುಗು, ಉರ್ದುಗಳೊಡನೆ ಬಾಳಿದೆ. ಮಾತು ಪುಸ್ತಕದಲ್ಲಿ ಕಲಿತರೆ ಪರೀಕ್ಷೆಯವರೆಗೆ ಬರುತ್ತದೆ. ಆಟದಲ್ಲಿ ಕಲಿತರೆ ಮುಪ್ಪಿನವರೆಗೆ ಉಳಿಯುತ್ತದೆ. ಜೀಕು, ಜೋಲು, ನೆಗೆ, ಹತ್ತು, ಜಾರು ಎಂಬ ಶಬ್ದಗಳಿಗೆ ಅರ್ಥ ದೊರೆಯುವುದು ಮರದ ಮೇಲೆಯೇ.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ಬಿಸಿಲಿನಲ್ಲಿರುವ ಮರ ಮತ್ತು ಕಬ್ಬಿಣಗಳ ಉಷ್ಣತೆಯನ್ನು ಶಿಕ್ಷಕರ ಸಹಾಯದಿಂದ ಅಳೆದು ಬರೆಯಿರಿ. ಎರಡನ್ನೂ ಮುಟ್ಟಿದಾಗ ಆಗುವ ವ್ಯತ್ಯಾಸಕ್ಕೆ ಕಾರಣವೇನು?
2. ಬಡಗಿಯ ಕೆಲಸದ ಮನೆಗೆ ಹೋಗಿ ಮೂರು ಜಾತಿಯ ಮರಗಳ ಚೇಗನ್ನೂ ಹೊರಭಾಗವನ್ನೂ ಗುರುತಿಸಿರಿ.
3. ಅಜ್ಜ ಅಜ್ಜಿಯರು ಮರದ ಮೇಲೆ ಆಡಿದ ಆಟಗಳ ಹೆಸರುಗಳನ್ನು ಕೇಳಿ ಪಟ್ಟಿಮಾಡಿರಿ.