ಕರ್ಣ ಯಾಕೆ ವಾಪಸ್ ಬರಲಿಲ್ಲ?

ಈ ಸಲದ ಪತ್ರಗಳೆಲ್ಲ ಮಂಡ್ಯ ಸೀಮೆಯಿಂದ ಬಂದಿವೆ. ಪೌರಾಣಿಕ ನಾಟಕದ ಸೀಸನ್ ಇರಬೇಕು, ಕೌರವರ ಕಡೆಯವರ ಮೇಲೆಯೇ ಎಲ್ಲರಿಗೂ ಅನುಮಾನ.

ಪ್ರಶ್ನೆ: ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಇಟ್ಕೊಂಡಿದ್ದೀವಿ. ನನ್ನದು ದುರ್ಯೋಧನನ ಪಾರ್ಟು. ಕೃಷ್ಣನ ಪಾರ್ಟು ಬಿಟ್ಟರೆ ಹೆಚ್ಚು ದುಡ್ಡು ಕಟ್ಟಿರೋನು ನಾನೇ. ಆದರೆ ಒಂದು ತಲೆಗೆ ಹೋಗ್ತಿಲ್ಲ. ತಮ್ಮಂದಿರು ಸತ್ತರು, ಮಗ ಸತ್ತ, ಕರ್ಣ ಸತ್ತ. ಆಮೇಲೂ ಸಂಧಿ ಬೇಡ ಅಂತಾನಲ್ಲ, ಹುಚ್ಚೇ? ಹಾರ್ಮೋನಿಯಂ ಮೇಷ್ಟ್ರನ್ನ ಕೇಳಿದರೆ ‘ನೀನು ಶ್ರುತಿ ನೋಡ್ಕೊ ಸಾಕು’ ಅಂತಾರೆ.
— ಓದುಗರು, ನಾಗಮಂಗಲ ತಾಲ್ಲೂಕು

ಉತ್ತರ: ಮೇಷ್ಟ್ರು ಹೇಳಿದ್ದೂ ಸರಿಯೇ, ಶ್ರುತಿ ಬಿಡಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ನಾಟಕದ ಪುಸ್ತಕದಲ್ಲಿ ಸಿಗುವುದಿಲ್ಲ, ರನ್ನನಲ್ಲಿ ಸಿಗುತ್ತದೆ. ‘ಸಾಹಸಭೀಮ ವಿಜಯ’ದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಕಾಲು ಹಾಕುತ್ತ, ಶರಶಯ್ಯೆಯಲ್ಲಿರುವ ಭೀಷ್ಮನನ್ನು ನೋಡಲು ಹೋಗುತ್ತಾನೆ. ದಾರಿಯಲ್ಲಿ ದ್ರೋಣ, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಎಲ್ಲರ ಹೆಣಗಳೂ ಎದುರಾಗುತ್ತವೆ. ಶತ್ರುವಿನ ಮಗ ಅಭಿಮನ್ಯುವಿನ ಎದುರೂ ನಿಂತು ಕೈಮುಗಿಯುತ್ತಾನೆ. ಈ ಹುಡುಗನ ಸಾವಿನಂಥ ಸಾವಿನಲ್ಲಿ ಒಂದು ಪಾಲಾದರೂ ತನಗೆ ಸಿಗಲಿ ಎಂದು ಬಯಸುತ್ತಾನೆ. ಇದು ಹುಚ್ಚನ ಮಾತಲ್ಲ.

ಭೀಷ್ಮ ಸಂಧಿಯ ಮಾತೆತ್ತುತ್ತಾನೆ. ಆಗ ದುರ್ಯೋಧನ ಹೇಳುವುದನ್ನು ಗಮನಿಸಿ: ತಾನು ಹೋರಾಡುತ್ತಿರುವುದು ನೆಲಕ್ಕಲ್ಲ, ಛಲಕ್ಕೆ, ಕರ್ಣನನ್ನು ನುಂಗಿದ ನೆಲ ತನಗೆ ಪಾಳುನೆಲ. ಸೂಜಿಮೊನೆಯಷ್ಟು ಜಾಗವನ್ನೂ ಬಿಡೆನೆಂದು ಯುದ್ಧಕ್ಕೆ ನಿಂತವನಿಗೆ ಹದಿನೆಂಟನೆಯ ದಿನ ಜಾಗವೇ ಬೇಡವಾಗಿದೆ. ಜಗಳ ಶುರುವಾದ ಕಾರಣ ಎಂದೋ ಸತ್ತಿದೆ, ಜಗಳದಲ್ಲಿ ಸತ್ತವರೇ ಈಗ ಕಾರಣವಾಗಿದ್ದಾರೆ. ಸಂಧಿ ಮಾಡಿಕೊಂಡರೆ ಅವರೆಲ್ಲ ಯಾತಕ್ಕೆ ಸತ್ತರು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಇವನೊಬ್ಬನೇ. ನಿಮ್ಮ ತಾಲ್ಲೂಕಿನಲ್ಲಿ ನಾಲ್ಕು ಬೋರ್ ಬತ್ತಿದ ಮೇಲೂ ಐದನೆಯದಕ್ಕೆ ಸಾಲ ಎತ್ತುವವರನ್ನು ನೀವೇ ನೋಡಿರುತ್ತೀರಿ. ಅವರಿಗೆ ನೀರಿನ ಆಸೆಯಾದರೂ ಇರುತ್ತದೆ. ಇವನಿಗೆ ಅದೂ ಇಲ್ಲ.

ಸಂಧಿ ಬೇಡ ಎನ್ನುವ ಆ ಮಾತಿನ ಹೊತ್ತಿಗೆ ದಯವಿಟ್ಟು ಅಬ್ಬರಿಸಬೇಡಿ. ಮೀಸೆಯ ಮೇಲಿನ ಕೈ ಇಳಿಸಿ, ದನಿ ತಗ್ಗಿಸಿ. ಶಿಳ್ಳೆ ಬೀಳುವುದಿಲ್ಲ, ಆದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯರು ಕಣ್ಣೊರೆಸಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಮನೆಯಿಂದ ಕುಂತಿ ಬೆಟ್ಟ ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ ಕರ್ಣನ ನೆನಪಾಗುತ್ತದೆ. ಹುಟ್ಟಿನ ಗುಟ್ಟು ತಿಳಿದ ಮೇಲೂ ಅವನು ಕೌರವನನ್ನು ಬಿಡಲಿಲ್ಲ. ಎಲ್ಲರೂ ಅನ್ನದ ಋಣ ಎನ್ನುತ್ತಾರೆ. ಋಣ ಇದ್ದರೆ ಅಧರ್ಮವನ್ನೂ ಮಾಡಬೇಕೆ? ತುಂಬಿದ ಸಭೆಯಲ್ಲಿ ದ್ರೌಪದಿಗೆ ಅವನು ಆಡಿದ ಮಾತು ಯಾವ ಋಣದ ಲೆಕ್ಕಕ್ಕೆ?
— ಗೃಹಿಣಿ, ಪಾಂಡವಪುರ

ಉತ್ತರ: ಋಣ ಅರ್ಧ ಉತ್ತರ ಮಾತ್ರ. ಉಳಿದರ್ಧ ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇದೆ.

ಮೊದಲು ಋಣದ ಲೆಕ್ಕ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹೋಗಿ ಗುಟ್ಟು ಬಿಚ್ಚುತ್ತಾನೆ. ಕರ್ಣ ಸಿಟ್ಟಾಗುವುದಿಲ್ಲ, ಲೆಕ್ಕ ಒಪ್ಪಿಸುತ್ತಾನೆ. ಹಾಲೂಡಿಸಿದವಳು ರಾಧೆ, ಮಗನೆಂದು ಸಾಕಿದವನು ಅಧಿರಥ. ಹೆಂಡಿರೂ ಸೂತಕುಲದವರೇ. ದುರ್ಯೋಧನನ ಆಶ್ರಯದಲ್ಲಿ ಹದಿಮೂರು ವರ್ಷ ರಾಜ್ಯ ಅನುಭವಿಸಿದ್ದಾಗಿದೆ, ಅವನು ಯುದ್ಧಕ್ಕೆ ನಿಂತಿರುವುದೂ ತನ್ನನ್ನು ನಂಬಿ. ಇಷ್ಟು ಎಲ್ಲರಿಗೂ ಗೊತ್ತು. ಅದೇ ಮಾತಿನ ನಡುವೆ ಬರುವ ಇನ್ನೊಂದನ್ನು ನಮ್ಮ ಹರಿಕಥೆಯವರೂ ನಾಟಕದವರೂ ಹಾರಿಸಿಬಿಡುತ್ತಾರೆ. ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾಗಿ ನುಡಿದೆ, ಅದಕ್ಕೆ ಈಗ ಬೇಯುತ್ತಿದ್ದೇನೆ ಎಂದು ಕರ್ಣ ತಾನೇ ಒಪ್ಪಿಕೊಳ್ಳುತ್ತಾನೆ. ತಪ್ಪು ಗೊತ್ತಿದೆ, ಪಶ್ಚಾತ್ತಾಪವೂ ಇದೆ, ಆದರೂ ಹೋಗುವುದಿಲ್ಲ.

ಏಕೆ? ಕೃಷ್ಣ ಒಡ್ಡಿದ ಆಸೆಯನ್ನು ನೋಡಿ. ಹಿರಿಯ ಮಗನಾಗಿ ಸಿಂಹಾಸನ ಏರು, ಧರ್ಮರಾಯ ಚಾಮರ ಬೀಸುತ್ತಾನೆ, ಸರದಿ ಬಂದಾಗ ದ್ರೌಪದಿಯೂ ನಿನ್ನವಳಾಗುತ್ತಾಳೆ. ಸಭೆಯಲ್ಲಿ ವಿಕರ್ಣ ಎದ್ದು ಇದು ಅನ್ಯಾಯ ಎಂದಾಗ ಅವನ ಬಾಯಿ ಮುಚ್ಚಿಸಿ, ಅವಳ ಸೀರೆ ಸೆಳೆಯಿರಿ ಎಂದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಕೌರವನ ಪಾಳಯದಲ್ಲಿ ಅವನು ದಾನಶೂರ, ಮಾತಿಗೆ ತಪ್ಪದವನು. ಪಾಂಡವರ ಬಿಡಾರಕ್ಕೆ ಹೋದರೆ ಮೊದಲು ಆ ಹೆಣ್ಣಿನ ಮುಖ ನೋಡಬೇಕು. ಇದನ್ನು ವ್ಯಾಸ ಬಾಯಿಬಿಟ್ಟು ಹೇಳಿಲ್ಲ, ನನ್ನ ಓದು. ಬಿದ್ದ ವೀರರು ಕೆಟ್ಟ ಪಕ್ಷದಲ್ಲೇ ಉಳಿಯುವುದು ಆ ಪಕ್ಷದ ಮೇಲಿನ ಪ್ರೀತಿಯಿಂದ ಮಾತ್ರವಲ್ಲ. ಅಲ್ಲಿ ಅವರ ತಪ್ಪನ್ನು ಕೇಳುವವರು ಇಲ್ಲ ಎಂಬುದರಿಂದ.

ಕರೆದವರೂ ಹೊತ್ತು ಮೀರಿ ಬಂದರು. ಕುಂತಿ ‘ಮಗನೇ’ ಎಂದದ್ದು ಯುದ್ಧ ಹೊಸ್ತಿಲಿಗೆ ಬಂದು ಉಳಿದ ಮಕ್ಕಳಿಗೆ ಅಪಾಯ ಒದಗಿದಾಗ. ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲೆ ಎಂಬ ಮಾತು ಪಡೆದು ಅವಳು ಹೊರಟಳು. ಕರ್ಣನಿಗೆ ತಾಯಿ ಸಿಕ್ಕಿದಳೋ, ತಾಯಿಗೆ ಕೆಲಸವಾಯಿತೋ ನೀವೇ ಹೇಳಿ.

ಕನ್ನಡದವರು ಕರ್ಣನನ್ನು ವಿಪರೀತ ಪ್ರೀತಿಸಿದ್ದೇವೆ. ಪಂಪ 941ರಲ್ಲಿ ಬರೆದ ಕಾವ್ಯದ ನಾಯಕ ಅರ್ಜುನ, ಅಂದರೆ ಅವನ ದೊರೆ ಅರಿಕೇಸರಿ. ಆದರೂ ಭಾರತದಲ್ಲಿ ಒಬ್ಬನನ್ನು ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದ. ಕೃಷ್ಣ ಗುಟ್ಟು ಹೇಳಿದಾಗ ಕುಮಾರವ್ಯಾಸನ ಕರ್ಣನ ಗಂಟಲುಬ್ಬಿ ಕಣ್ಣು ತುಂಬುವುದನ್ನು ಓದಿದರೆ ನಮ್ಮದೂ ತುಂಬುತ್ತದೆ. ತುಂಬಲಿ. ಸಭೆಯ ಮಾತನ್ನು ಮಾತ್ರ ಅಳಿಸಬಾರದು. ಋಣ ಅವನನ್ನು ಅರ್ಥ ಮಾಡಿಸುತ್ತದೆ, ಖುಲಾಸೆ ಮಾಡುವುದಿಲ್ಲ.

ಪ್ರಶ್ನೆ: ಟಿಪ್ಪುವಿಗೆ ದ್ರೋಹ ಬಗೆದ ಮೀರ್ ಸಾದಿಕ್‌ಗೂ ಕರ್ಣನಂತೆ ಪಶ್ಚಾತ್ತಾಪ ಆಗಿತ್ತೆ? ಅವನೂ ಮೊದಲು ಟಿಪ್ಪುವಿನ ನಂಬಿಗಸ್ತನಾಗಿದ್ದನಲ್ಲ.
— ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: ಅದಕ್ಕೆ ಅವನಿಗೆ ಹೊತ್ತೇ ಸಿಗಲಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ದಿನವೇ ಟಿಪ್ಪುವಿನ ಕಡೆಯವರೇ ಅವನನ್ನು ಕೊಂದರು. ಅವನನ್ನು ಬಿದ್ದ ವೀರ ಎನ್ನಲು ನನಗೆ ಮನಸ್ಸಿಲ್ಲ.

ನೀವು ಓದಬೇಕಾದದ್ದು ಅಯಾಜ್‌ನ ಕಥೆ. ಮಲಬಾರಿನಿಂದ ಸೆರೆ ತಂದ ಹುಡುಗ. ಹೈದರ್ ಮಗನಂತೆ ಬೆಳೆಸಿ ಬಿದನೂರಿನ, ಅಂದರೆ ಇಂದಿನ ನಗರದ, ಅಧಿಕಾರ ಕೊಟ್ಟ. ಟಿಪ್ಪುವಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಆಮೇಲೆ ನಡೆದದ್ದನ್ನು ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ: ಅಯಾಜ್‌ನನ್ನು ಮುಗಿಸಿ ಎಂಬ ಟಿಪ್ಪುವಿನ ಆಜ್ಞೆಯ ಕಾಗದ ಅಯಾಜ್‌ನ ಕೈಗೇ ಬಿತ್ತು, ಓದು ಬಾರದ ಅವನು ಅದನ್ನು ಒಬ್ಬ ಬ್ರಾಹ್ಮಣನಿಂದ ಓದಿಸಿ, ಸುದ್ದಿ ಹೊರಬೀಳದಂತೆ ಓದಿದವನನ್ನೇ ಕೊಲ್ಲಿಸಿದ. 1783ರ ಆರಂಭದಲ್ಲಿ ಬಿದನೂರನ್ನು ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ಗೆ ಒಪ್ಪಿಸಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮತ್ತೆ ಗೆದ್ದುಕೊಂಡ. ಅಯಾಜ್ ಮಾತ್ರ ಇಂಗ್ಲಿಷರ ಆಶ್ರಯದಲ್ಲಿ ಮುಂಬಯಿಯಲ್ಲೇ ಉಳಿದ. ಕರ್ಣನನ್ನು ಕರೆಯಲು ದೇವರೇ ಬಂದಿದ್ದ, ಇವನಿಗೆ ವಾಪಸಾತಿ ಅಂದರೆ ಕತ್ತಿ. ಊರಿನ ಬಾಗಿಲು ಮುಚ್ಚಿ, ಆಚೆ ನಿಂತವನನ್ನು ದ್ರೋಹಿ ಎನ್ನುವುದು ಸುಲಭ. ಆದರೆ ಕಾಗದ ಓದಿದ್ದಕ್ಕೆ ಜೀವ ಕಳೆದುಕೊಂಡವನ ವಿಷಯದಲ್ಲಿ ಅಯಾಜ್‌ಗೆ ಯಾವ ನೆಪವೂ ಇಲ್ಲ.

ಪ್ರಶ್ನೆ: ತಮ್ಮ ಒಳ್ಳೆ ಕಬಡ್ಡಿ ಆಟಗಾರ. ಮಂಡಿ ಪೆಟ್ಟಾಗಿ ಆಟ ನಿಂತಿತು. ಈಗ ಬಡ್ಡಿ ವ್ಯವಹಾರದ ಒಬ್ಬರ ಹಿಂದೆ ವಸೂಲಿಗೆ ಹೋಗುತ್ತಾನೆ. ‘ಆಪರೇಷನ್‌ಗೆ ದುಡ್ಡು ಕೊಟ್ಟಿದ್ದು ಆ ಅಣ್ಣ, ನೀವಲ್ಲ’ ಅಂತಾನೆ. ಕರ್ಣನ ಕಥೆ ಹೇಳಿ ತಿದ್ದಬಹುದೆ?
— ನೊಂದ ಅಣ್ಣ, ಕೆ.ಆರ್. ಪೇಟೆ

ಉತ್ತರ: ಬೇಡ, ಅದನ್ನವನು ಹೊಗಳಿಕೆ ಅಂದುಕೊಳ್ಳುತ್ತಾನೆ. ಯುಯುತ್ಸುವಿನ ಕಥೆ ಹೇಳಿ. ಅವನೂ ಧೃತರಾಷ್ಟ್ರನ ಮಗನೇ. ಯುದ್ಧ ಶುರುವಾಗುವ ಮುನ್ನ ಧರ್ಮರಾಯ ಎರಡು ಸೇನೆಗಳ ನಡುವೆ ನಿಂತು, ನಮ್ಮ ಕಡೆ ಬರುವವರು ಬರಬಹುದು ಎಂದು ಕೂಗಿದ. ಬಂದವನು ಯುಯುತ್ಸು. ಹಳೆಯದನ್ನು ಯಾರೂ ಕೆದಕಲಿಲ್ಲ, ತಕ್ಷಣ ಅಪ್ಪಿಕೊಂಡರು. ಸಭೆಯಲ್ಲಿ ನ್ಯಾಯ ಮಾತಾಡಿದ ವಿಕರ್ಣ ಕೌರವರಲ್ಲೇ ಉಳಿದು ಭೀಮನ ಕೈಯಲ್ಲಿ ಸತ್ತ. ಸರಿಯಾದ ಮಾತು ಆಡಿದ್ದಷ್ಟೇ ಅವನನ್ನು ದಾಟಿಸಲಿಲ್ಲ.

ಕಥೆಗಿಂತ ಮೊದಲು ಆಪರೇಷನ್ ಖರ್ಚೆಷ್ಟು ಎಂದು ಕೇಳಿ, ಮನೆಯವರೆಲ್ಲ ಸೇರಿ ಅದನ್ನು ತೀರಿಸಿ. ಆ ‘ಅಣ್ಣ’ನನ್ನು ಅವನೆದುರು ಬೈಯಬೇಡಿ. ಪೊಲೀಸ್ ಕೇಸಿನ ಮಟ್ಟಕ್ಕೆ ಹೋಗಿದ್ದರೆ ವಕೀಲರನ್ನು ನೋಡಿ, ನನ್ನನ್ನಲ್ಲ.

ಪ್ರಶ್ನೆ: ಬಿ.ಎಂ.ಶ್ರೀ ನಮ್ಮ ಬೆಳ್ಳೂರಿನವರು. ಅವರೂ ದುರ್ಯೋಧನನ ಮೇಲೆ ನಾಟಕ ಬರೆದಿದ್ದರಂತೆ, ನಿಜವೆ?
— ನಿವೃತ್ತ ಶಿಕ್ಷಕರು, ಬೆಳ್ಳೂರು

ಉತ್ತರ: ನಿಜ. ಅವರು ಹುಟ್ಟಿದ್ದು ತಾಯಿಯ ಊರು ಸಂಪಿಗೆಯಲ್ಲಾದರೂ ಮನೆತನ ನಿಮ್ಮೂರಿನದೇ. ರನ್ನನ ಕಾವ್ಯವನ್ನೇ ಅಳವಡಿಸಿ 1926ರಲ್ಲಿ ‘ಗದಾಯುದ್ಧ ನಾಟಕಂ’ ಕಟ್ಟಿದರು. 1929ರಲ್ಲಿ ‘ಅಶ್ವತ್ಥಾಮನ್’, ಅದು ಗ್ರೀಕ್ ಕವಿ ಸಫೋಕ್ಲೀಸನ ‘ಅಜಾಕ್ಸ್’ ಜಾಡಿನದು. ಎರಡರಲ್ಲೂ ಸೋತ ಪಕ್ಷದವರೇ ನಾಯಕರು. ಖಳ ಎಂದು ಬದಿಗೆ ತಳ್ಳದೆ ಅವರನ್ನು ರುದ್ರನಾಟಕದ ನಡುವೆ ನಿಲ್ಲಿಸಿದ್ದು ಬಿ.ಎಂ.ಶ್ರೀ ಧೈರ್ಯ.

ಒಂದು ಮನವಿ. ಮೇಲೆ ಪತ್ರ ಬರೆದ ದುರ್ಯೋಧನ ಪಾತ್ರಧಾರಿ ನಿಮ್ಮ ತಾಲ್ಲೂಕಿನವರೇ. ಮುಂದಿನ ವರ್ಷ ಇಬ್ಬರೂ ಸೇರಿ ಬೆಳ್ಳೂರಿನಲ್ಲಿ ‘ಗದಾಯುದ್ಧ ನಾಟಕಂ’ ಆಡಿಸಿ. ಹಳಗನ್ನಡ ಕಷ್ಟ ಎನ್ನಬೇಡಿ. ಬೆಳಗಿನ ಜಾವದವರೆಗೆ ಕಂದ, ವೃತ್ತ ಹಾಡುವ ನಟರು, ಕೂತು ಕೇಳುವ ಜನ ನಿಮ್ಮಲ್ಲಿದ್ದಾರೆ.