ಬ್ಯಾರೆಲಿನ ಡೀಸೆಲ್ ಏಕೆ ಕಡಿಮೆಯಾಗುತ್ತದೆ?

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ 200 ಲೀಟರ್ ಡೀಸೆಲ್ ತುಂಬಿಸಿ, ಶಿರಸಿ ಕಡೆಯ ತೋಟಕ್ಕೆ ತಂದು ಮರುದಿನ ಬೆಳಿಗ್ಗೆ ಅಳೆದರೆ ಲೀಟರಿನಷ್ಟು ಕಡಿಮೆ ಕಾಣುವುದುಂಟು. ಕೂಡಲೇ ಸಂಶಯ ಹೋಗುವುದು ಗಾಡಿ ಚಾಲಕನ ಮೇಲೆ. ಸದಸ್ಯ ಬಾಂಧವರು ಬಡವನೊಬ್ಬನ ಮೇಲೆ ಅಪವಾದ ಹೊರಿಸುವ ಮುನ್ನ ಲೆಕ್ಕ ಹಾಕಿ ನೋಡಬೇಕೆಂದು ನಾವು ಕೋರುತ್ತೇವೆ.

ದ್ರವ ಕಾಯ್ದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ; ತೂಕ ಮಾತ್ರ ಬದಲಾಗದು. ನಮ್ಮ ಹವೆಯಲ್ಲಿ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ 1000 ಲೀಟರ್ ನೀರು ಸುಮಾರು 0.3 ಲೀಟರ್ ಹಿಗ್ಗಿದರೆ, ಅಷ್ಟೇ ಡೀಸೆಲ್ 0.8 ಲೀಟರಿಗೂ ತುಸು ಹೆಚ್ಚು ಹಿಗ್ಗುತ್ತದೆ. ಕಬ್ಬಿಣದ ಬ್ಯಾರೆಲೂ ಹಿಗ್ಗುವುದುಂಟು, ಅದು ತೀರ ಅಲ್ಪ.

28 ಡಿಗ್ರಿಯಲ್ಲಿ ತುಂಬಿಸಿದ 200 ಲೀಟರ್ ಡೀಸೆಲ್ ಮಳೆಗಾಲದ ಮುಂಜಾವಿಗೆ 20 ಡಿಗ್ರಿಗೆ ಇಳಿಯಿತೆನ್ನಿ. ಆಗ ಸುಮಾರು 1.3 ಲೀಟರ್ ಕುಗ್ಗಿರುತ್ತದೆ. ಇದು ಯಾರೂ ಕದ್ದದ್ದಲ್ಲ. ಐದು ಲೀಟರ್ ಕಡಿಮೆ ಬಂದರೆ ಮಾತ್ರ ಅದು ಚಳಿಯ ಕೆಲಸವಲ್ಲ, ಧಾರಾಳವಾಗಿ ವಿಚಾರಿಸಿರಿ! ಅದೇ ಬ್ಯಾರೆಲ್ ಬಿಸಿಲಿಗೆ ಬಿದ್ದು 45 ಡಿಗ್ರಿ ಮುಟ್ಟಿದರೆ ಎರಡೂವರೆ ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಆದ್ದರಿಂದ ಕಂಠಪೂರ್ತಿ ತುಂಬಿಸದೆ ಹತ್ತು ಲೀಟರಿನಷ್ಟು ಜಾಗ ಬಿಡಬೇಕು.

ಅಳತೆಯ ನಷ್ಟಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಅರ್ಧ ಖಾಲಿಯಾದ ಬ್ಯಾರೆಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಅದರೊಳಗಿನ ಗಾಳಿ ಡೀಸೆಲಿನ ನಾಲ್ಕು ಪಟ್ಟು ಹಿಗ್ಗುತ್ತದೆ. ಹಗಲಿನ ಬಿಸಿಗೆ ಸ್ವಲ್ಪ ಗಾಳಿ ಸಡಿಲ ಬಿರಡೆಯ ಸಂದಿನಿಂದ ಹೊರಹೋಗುತ್ತದೆ. ಸಂಜೆ ಮಳೆ ಹೊಯ್ದು ಬ್ಯಾರೆಲ್ ತಣಿದಾಗ ಒಳಗಿನದು ಕುಗ್ಗಿ, ಮೇಲಿನ ಅಂಚಿನೊಳಗೆ ನಿಂತ ಮಳೆನೀರನ್ನೇ ಬಿರಡೆಯ ಮೂಲಕ ಹೀರಿಕೊಳ್ಳುತ್ತದೆ. ನೀರು ಡೀಸೆಲಿಗಿಂತ ಭಾರ. ತಳ ಸೇರಿ ಕೂರುತ್ತದೆ. ತಳದ ಡೀಸೆಲ್ ಬಳಸುವ ದಿನ ಅದು ಎಂಜಿನ್ನಿಗೆ ಹೋಗುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಸಿಕ್ಕ ಒಂದೆರಡು ಹೊಳವಿನ ದಿನಗಳಲ್ಲಿ ಪಂಪು ನಿಂತರೆ ಆಗುವ ಹಾನಿಯನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಬ್ಯಾರೆಲನ್ನು ಮಾಡಿನ ಕೆಳಗೆ ಇಡುವುದೇ ಸರಿ. ತುಂಬಿದ ಬ್ಯಾರೆಲನ್ನು ಹೊರಗಿಡಲೇಬೇಕಾದರೆ ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಒಂದೇ ಮಟ್ಟದಲ್ಲಿ, ಒಳಗಿನಿಂದ ಡೀಸೆಲಿನಲ್ಲಿ ಮುಳುಗಿರುವಂತೆ ಇಡಿರಿ. ಅರ್ಧ ಬ್ಯಾರೆಲಿಗೆ ಈ ಉಪಾಯ ಸಾಲದು.

ಬೆಳಗಿನ ಜಾವ ಕೊಂಡರೆ ಹೆಚ್ಚು ಡೀಸೆಲ್ ಸಿಗುತ್ತದೆಂಬ ಮಾತನ್ನು ನಾವೂ ಕೇಳಿದ್ದೇವೆ. ಬಂಕಿನ ಟ್ಯಾಂಕು ನೆಲದಡಿಯಲ್ಲಿರುವುದರಿಂದ ಹಗಲು ರಾತ್ರಿಗೆ ಅದರ ಉಷ್ಣಾಂಶ ಹೆಚ್ಚು ಬದಲಾಗದು. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಗುಣದ ಬಗ್ಗೆ ಸಂಶಯವಿದ್ದರೆ ಬಂಕಿನಲ್ಲಿ ಸಾಂದ್ರತೆ ಪರೀಕ್ಷಿಸಿ ತೋರಿಸೆಂದು ಕೇಳಬಹುದು. ಅಲ್ಲಿಯೂ ಉಷ್ಣಾಂಶ ನೋಡಿ, ಕೋಷ್ಟಕದ ಪ್ರಕಾರ 15 ಡಿಗ್ರಿಯ ಸಾಂದ್ರತೆಗೆ ಪರಿವರ್ತಿಸಿಯೇ ಹೋಲಿಸುತ್ತಾರೆ.